ಮಾವನವರ ಕೈಗೆ ಹತ್ತದ ಡಬ್ಬಿ

ಆ ಡಬ್ಬಿ ನಮ್ಮ ಮನೆಗೆ ಬಂದದ್ದು ನನ್ನ ಹಟದಿಂದ. ಬೇರೆ ಯಾರೂ ಕೇಳಿರಲಿಲ್ಲ. ನನ್ನ ಗಂಡನಿಗೆ ಟಿವಿ ಅಂದರೆ ಊಟದ ಹೊತ್ತಿಗೆ ಹಿಂದೆ ಕೇಳುವ ಒಂದು ಸದ್ದು, ಅಷ್ಟೇ. ಮಾವನವರಿಗೆ ಕೇಬಲ್ಲು ಸಾಕಾಗಿತ್ತು. ಆದರೆ ನಾನು ಕೆಲಸ ಮಾಡುವ, ಧಾರವಾಡದ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಅದೇ ಮಾತು. ಅಂಗೈಯಷ್ಟು ಪೆಟ್ಟಿಗೆಯಂತೆ, ಇಂಟರ್ನೆಟ್ಟಿಗೆ ಸೇರಿಸಿ ಟಿವಿ ಪಕ್ಕ ಇಟ್ಟರೆ ಸಾಕಂತೆ, ಬೇಕಾದ್ದು ಬೇಕಾದಾಗ ಬರುತ್ತದಂತೆ. ಒಬ್ಬಳಂತೂ ಅದು ಬಂದ ಮೇಲೆ ತನ್ನ ಅತ್ತೆ ಜಗಳವನ್ನೇ ಬಿಟ್ಟಿದ್ದಾಳೆ ಅನ್ನುತ್ತಿದ್ದಳು. ಕೇಳಿ ಕೇಳಿ ನನಗೂ ಹುಚ್ಚು ಹಿಡಿಯಿತು. ಒಂದು ಭಾನುವಾರ ಕೊಂಡು ತಂದೆ, ಸೋಮವಾರ ಕೇಬಲ್ಲಿನವನಿಗೆ ಫೋನ್ ಮಾಡಿ ಇನ್ನು ನಿಮ್ಮ ಲೈನು ಬೇಡ ಅಂದೆ.

ಈಗ ನೆನೆಸಿಕೊಂಡರೆ ಡಬ್ಬಿಯ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು. ಅದು ನಮ್ಮ ಮನೆಯಲ್ಲಿ ಮೂರು ತಿಂಗಳು ನೆಟ್ಟಗೆ ನಡೆಯಲಿಲ್ಲ. ಆ ಮೂರು ತಿಂಗಳಲ್ಲಿ ಎಂಬತ್ತರ ಹತ್ತಿರದ ಒಬ್ಬ ಬುದ್ಧಿವಂತ ಮನುಷ್ಯ, ತನ್ನ ತಲೆ ಕೆಟ್ಟಿತು ಎಂದು ತಾನೇ ನಂಬುವ ಹಾಗೆ ನಾನು ಮಾಡಿದೆ. ಡಬ್ಬಿ ಬರೀ ಕೈ ಕೊಟ್ಟಿತು, ಉಳಿದದ್ದೆಲ್ಲ ಮಾಡಿದ್ದು ನನ್ನ ನಾಲಿಗೆ.

ಮಾವನವರು ಹುಟ್ಟಿದ್ದು ಶಿರಗುಪ್ಪಿಯಲ್ಲಿ. ಹರೆಯದಲ್ಲೇ ಹುಬ್ಬಳ್ಳಿಗೆ ಬಂದು ದಲಾಲಿ ಅಂಗಡಿ ಹಾಕಿದರು. ಹತ್ತಿ, ಮೆಣಸಿನಕಾಯಿ, ಹೆಸರುಕಾಳು. ಒಂದು ಚೂರು ಹತ್ತಿಯನ್ನು ಎರಡು ಬೆರಳಲ್ಲಿ ಎಳೆದು ನೋಡಿ ಅದು ಯಾವ ಊರ ಹೊಲದ್ದು ಎಂದು ಹೇಳುತ್ತಿದ್ದರು. ಯಾವ ರೈತನ ಮಗಳಿಗೆ ಎಲ್ಲಿ ಕೊಟ್ಟಿದ್ದಾರೆ, ಯಾರ ಎತ್ತು ಯಾವ ವರ್ಷ ಸತ್ತಿತು, ಎಲ್ಲವೂ ಅವರ ತಲೆಯಲ್ಲಿ. ಅಂಗಡಿಯನ್ನು ಮಗನ ಕೈಗೆ ಕೊಟ್ಟ ಮೇಲೂ ಪ್ರತಿ ಸೋಮವಾರ ಬಸ್ಸು ಹಿಡಿದು ಒಬ್ಬರೇ ಹೋಗಿ ಬರುತ್ತಿದ್ದರು. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಈಗ ನಾವು ಮೂರೇ ಜನ.

ಸಂಜೆ ಆರರಿಂದ ಏಳು ಅವರ ಹೊತ್ತು. ಕಿಟಕಿಯ ಹತ್ತಿರ ಬೆತ್ತದ ಕುರ್ಚಿ, ಅದರಲ್ಲಿ ಕೂತು ತಾವೇ ಟಿವಿ ಹಚ್ಚುತ್ತಿದ್ದರು. ಮೊದಲು ಮಳೆ ಸುದ್ದಿ, ಆಮೇಲೆ ಪೇಟೆ ಧಾರಣೆ, ಆಮೇಲೆ ಯಾರಾದರೂ ಸ್ವಾಮಿಗಳ ಪ್ರವಚನ. ಚಾನೆಲ್ಲುಗಳ ನಂಬರು ಬಾಯಿಪಾಠ. ಏಳಾಯಿತೆಂದರೆ ಸ್ವಾಮಿಗಳು ಅರ್ಧ ಮಾತಿನಲ್ಲಿದ್ದರೂ ಆರಿಸಿ ಏಳುತ್ತಿದ್ದರು. ಆ ಒಂದು ತಾಸು ಅವರು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಬೀದಿಗೆ ಟಿವಿಯ ಸದ್ದು ಕೇಳಿಸುತ್ತಿತ್ತು, ಮನೆಯಲ್ಲಿ ಎಲ್ಲ ಸರಿಯಾಗಿದೆ ಅಂತ ಅದರಿಂದಲೇ ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ವಿಭೂತಿ ಇಲ್ಲದ ವಸ್ತುವಿಲ್ಲ. ಅಂಗಡಿಯಲ್ಲಿ ತಕ್ಕಡಿಗೆ ಅಮಾವಾಸ್ಯೆಗೊಮ್ಮೆ ಪೂಜೆ ಮಾಡಿದ ಕೈ ಅದು, ಮನೆಯಲ್ಲಿ ಸುಮ್ಮನಿರುತ್ತದೆಯೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ಎಳೆದುಕೊಂಡು, ವಿಭೂತಿ ಗಟ್ಟಿಯನ್ನು ಹಸಿ ಮಾಡಿಕೊಂಡು ಹೊರಟರೆ ಫ್ರಿಜ್ಜು, ಮಿಕ್ಸರು, ಹೊಲಿಗೆ ಯಂತ್ರ, ನನ್ನ ಸ್ಕೂಟಿ, ಎಲ್ಲಕ್ಕೂ ಮೂರು ಗೆರೆ. ಅಮಾವಾಸ್ಯೆಗೆ ತಪ್ಪದೆ, ಮನಸ್ಸಾದರೆ ಸೋಮವಾರಕ್ಕೂ. “ನಮ್ಮ ಸಲುವಾಗಿ ದುಡಿತಾವು, ಅವಕ್ಕೂ ಒಂದ ಮರ್ಯಾದಿ ಬ್ಯಾಡೇನು?” ಅನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಆಮೇಲೆ ಆ ಗೆರೆಗಳು ಕಣ್ಣಿಗೆ ಬೀಳುವುದೇ ನಿಂತುಹೋಯಿತು.

ಹೊಸ ಡಬ್ಬಿಯನ್ನು ಟಿವಿ ಕೆಳಗಿನ ಹಲಗೆಯ ಮೇಲೆ ಇಟ್ಟು, ಭಾನುವಾರ ಸಂಜೆ ನಾನೇ ಎಲ್ಲ ಜೋಡಿಸಿದೆ. ಚೆನ್ನಾಗಿಯೇ ನಡೆಯಿತು. ಮಾವನವರು ಬೆತ್ತದ ಕುರ್ಚಿಯಲ್ಲಿ ಕೂತು ನೋಡಿದರು. ತೆರೆಯ ಮೇಲೆ ನಾಲ್ಕು ಗೊಂಬೆ ಮುಖಗಳು ಬಂದು, ಯಾರು ನೋಡುತ್ತಿದ್ದಾರೆ ಎಂದು ಕೇಳಿತು.

“ಯಾರರ ನೋಡ್ಲಿ, ಅದಕ್ಯಾಕ ಬೇಕು?” ಅಂದರು ಮಾವನವರು.

“ಹಂಗಲ್ರಿ ಮಾವಾರ, ಇದ್ರಾಗ ಒಬ್ಬೊಬ್ಬರಿಗೆ ಒಂದೊಂದ ಮನಿ ಇದ್ದಂಗ. ಈ ಹಸರ ಮುಖ ನಿಮ್ಮದು.”

“ನಂದು ಹಸರೇನು? ಛಲೋ ಆತು,” ಎಂದು ನಕ್ಕರು. ನಾನು ಅದಕ್ಕೆ ಅವರ ಹೆಸರು ಬರೆದುಕೊಟ್ಟೆ. ಅವತ್ತು ನನಗೆ ಬಹಳ ಹೆಮ್ಮೆಯಾಗಿತ್ತು.

ಮರುದಿನ ನಾನು ಆಫೀಸಿಗೆ ಹೋದ ಮೇಲೆ ಅವರು ಡಬ್ಬಿಗೆ ಕಾಯಿ ಒಡೆದು ಪೂಜೆ ಮಾಡಿದ್ದರು. ಸಂಜೆ ಬಂದಾಗ ಬೀದಿಯಲ್ಲಿ ಸದ್ದು ಇರಲಿಲ್ಲ. ಮಾವನವರು ರಿಮೋಟು ಹಿಡಿದು ಕುರ್ಚಿಯಲ್ಲಿ ಕೂತಿದ್ದರು, ಟಿವಿಯ ಮೇಲೆ ನೀಲಿ ತೆರೆ. “ಹತ್ತವಲ್ದು ನೋಡವಾ, ಬಟನ್ ಒತ್ತಿ ಒತ್ತಿ ಬೆರಳ ನೋಯಾಕತ್ತಾವು,” ಅಂದರು. ನಾನು ಚಪ್ಪಲಿ ಬಿಟ್ಟವಳು ಹಾಗೇ ಟಿವಿಯ ಹತ್ತಿರ ಹೋಗಿ, ಪಕ್ಕದಲ್ಲಿ ನಿಂತು ಒತ್ತಿದೆ. ಹತ್ತಿತು. “ನೋಡ್ರಿ, ಎಷ್ಟ ಸರಳ ಐತಿ,” ಅಂದೆ.

ಅದೇ ಕಥೆ ಮರುದಿನವೂ ಆಯಿತು, ಅದರ ಮರುದಿನವೂ. ಅವರು ಕುರ್ಚಿಯಿಂದ ಒತ್ತಿದರೆ ಇಲ್ಲ, ನಾನು ಬಂದು ಒತ್ತಿದರೆ ಹೂಂ. ನಾನು ಪ್ರತಿ ಸಲ ಎದ್ದು ಹತ್ತಿರ ಹೋಗಿಯೇ ತೋರಿಸುತ್ತಿದ್ದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಕಲಿಸುವವರು ಕರಿಹಲಗೆಯ ಪಕ್ಕ ನಿಲ್ಲುವುದಿಲ್ಲವೇ, ಹಾಗೆ. ರಾತ್ರಿ ನಾನೂ ಗಂಡನೂ ದಿವಾನಿನ ಮೇಲೆ ಕೂತು ನೋಡುವಾಗಲೂ ಅದು ಒಮ್ಮೊಮ್ಮೆ ಹಟ ಮಾಡುತ್ತಿತ್ತು. ಸೆಲ್ಲು ಬದಲಿಸಿದೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, ಪ್ಲಗ್ಗು ತೆಗೆದು ಮತ್ತೆ ಹಾಕಿ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ನನಗೆ ಹತ್ತದಿದ್ದರೆ ನಾನು ಡಬ್ಬಿಯನ್ನು ಬೈಯುತ್ತಿದ್ದೆ, ಮಾವನವರಿಗೆ ಹತ್ತದಿದ್ದರೆ ಮಾವನವರನ್ನು.

ಹಾಗೆಂದು ಡಬ್ಬಿ ಹತ್ತಿದಾಗಲೂ ಮಹಾ ಸುಖವೇನಿರಲಿಲ್ಲ. ಬೇಕಾದ್ದು ಬೇಕಾದಾಗ ಅನ್ನುವುದು ಬರೀ ಬಾಯಿಮಾತು. ಮಳೆ ಸುದ್ದಿ ನೋಡಬೇಕೆಂದರೆ ಬಂದೂಕು ಹಿಡಿದ ಗಂಡಸರನ್ನು, ಅರಿವೆ ಕಡಿಮೆಯಾದ ಹೆಂಗಸರನ್ನು, ಹತ್ತಾರು ಅಡುಗೆಯವರನ್ನು ದಾಟಿ ಹೋಗಬೇಕು. ಒಂದಕ್ಕೆ ಮತ್ತೆ ಹಣ ಕಟ್ಟು ಅನ್ನುತ್ತದೆ, ಇನ್ನೊಂದಕ್ಕೆ ಗುಪ್ತಪದ ಕೇಳುತ್ತದೆ. ಹುಡುಕುವಷ್ಟರಲ್ಲಿ ಏಳು ಗಂಟೆ. ಆದರೆ ತಂದವಳು ನಾನು. ಕಾರ್ಖಾನೆಯ ಊಟದ ಮನೆಯಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡವಳೂ ನಾನು. ಡಬ್ಬಿ ಚೆನ್ನಾಗಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಮಾವನವರಿಗೆ ಬರುವುದಿಲ್ಲ ಅನ್ನುವುದು ನನಗೆ ಹಗುರವಾಗಿ ಕಂಡಿತು.

ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೊದಲು ಕೆಂಪು ಗುಂಡಿ, ಆಮೇಲೆ ಮನೆಯ ಚಿತ್ರ, ಆಮೇಲೆ ಹಸಿರು ಮುಖ. ಅವರು ಅದನ್ನು ತಮ್ಮ ಕಿಸೆಯ ಸಣ್ಣ ಪುಸ್ತಕದಲ್ಲಿ ನಕಲು ಮಾಡಿಕೊಂಡಿದ್ದರು. ಸೋಮವಾರ ಅಂಗಡಿಗೆ ಹೋದಾಗ ಗಾದಿಯ ಮೇಲೆ ಕೂತು ಅದನ್ನು ಓದುತ್ತಿದ್ದರಂತೆ, ಪರೀಕ್ಷೆಗೆ ಕೂಡುವ ಹುಡುಗರ ಹಾಗೆ. ಗಂಡ ಹೇಳಿದಾಗ ನಾನು ನಕ್ಕಿದ್ದೆ.

ಆಮೇಲೆ ಒಂದು ಸಂಜೆ. ಬಸ್ಸಿನಲ್ಲಿ ಧಾರವಾಡದಿಂದ ಇಲ್ಲಿಯವರೆಗೂ ನಿಂತುಕೊಂಡೇ ಬಂದಿದ್ದೆ, ತಲೆ ಸಿಡಿಯುತ್ತಿತ್ತು. ಒಳಗೆ ಕಾಲಿಟ್ಟರೆ ಅದೇ ನೀಲಿ ತೆರೆ, ಅದೇ ರಿಮೋಟು, ಅದೇ ಮಾತು. “ನೀ ಬರದಂಗ ಮಾಡೇನವಾ, ಆ ಡಬ್ಬ್ಯಾಗ ಏನೋ ಐತಿ,” ಅಂದರು. ನಾನು ರಿಮೋಟು ಕಸಿದುಕೊಂಡ ಹಾಗೆ ತೆಗೆದುಕೊಂಡು, ಟಿವಿಯ ಹತ್ತಿರ ಹೋಗಿ ಒತ್ತಿದೆ. ಹತ್ತಿತು. ಅಡುಗೆಮನೆಗೆ ಹೋಗುತ್ತಾ ಅಂದುಬಿಟ್ಟೆ, “ಕುಣಿಲಾರದಾಕಿ ನೆಲಾ ಡೊಂಕ ಅಂದಿದ್ಲಂತ.”

ಸಣ್ಣಗೆ ಅಂದಿದ್ದೆ, ಆದರೆ ಕೇಳಿಸದಷ್ಟು ಸಣ್ಣಗೆ ಅಲ್ಲ. ನಮ್ಮ ಮನೆತನದಲ್ಲಿ ಸೊಸೆಯಂದಿರು ಮಾವನ ಎದುರು ಹಾಗೆ ಮಾತಾಡುವುದಿಲ್ಲ. ಅವರು ಸಿಟ್ಟಾಗಿ ಎರಡು ಮಾತು ಬೈದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಅವರು ಮಳೆ ಸುದ್ದಿ ಮುಗಿಯುವ ಮೊದಲೇ ಎದ್ದು ತಮ್ಮ ಕೋಣೆಗೆ ಹೋದರು.

ಅವತ್ತಿನಿಂದ ಅವರು ರಿಮೋಟು ಮುಟ್ಟಲಿಲ್ಲ. ಕೇಳಿದರೆ ಕಣ್ಣು ಉರಿಯುತ್ತದೆ ಅನ್ನುತ್ತಿದ್ದರು. ಎರಡು ವಾರ ಕಳೆದ ಮೇಲೆ ಸೋಮವಾರದ ಅಂಗಡಿಯೂ ನಿಂತಿತು. “ಒಬ್ಬಾಂವ ಬಸ್ಸಿಗೆ ಹೋಗೂದು ಬ್ಯಾಡ ಅನಸ್ತೈತಿ,” ಅಂದರು. ಒಂದು ಬೆಳಿಗ್ಗೆ ಅಲಮಾರದ ಕೀಲಿಕೈ ಗೊಂಚಲು ತಂದು ನನ್ನ ಕೈಯಲ್ಲಿಟ್ಟರು. ಅತ್ತೆಯ ಕಾಲದಿಂದ ಅದು ಅವರ ಉಡಿದಾರದಲ್ಲೇ ಇರುತ್ತಿತ್ತು. “ನಿನ್ನ ಕಡೆ ಇರ್ಲಿ. ನಾ ಎಲ್ಲೆರ ಇಟ್ಟು ಮರತಗಿರತೇನಿ,” ಅಂದರು. ನಾನು ಇಸಿದುಕೊಂಡೆ. ವಯಸ್ಸಾಯಿತು, ಜವಾಬ್ದಾರಿ ಬಿಡುತ್ತಿದ್ದಾರೆ ಅಂದುಕೊಂಡೆ.

ನನ್ನ ಗಂಡ ಒಂದು ದಿನ ಚಹಾ ಕುಡಿಯುತ್ತಾ ಹೇಳಿದರು, “ಅಪ್ಪ ಯಾಕೋ ದೊಡ್ಡಪ್ಪನ ವಿಷಯ ಕೇಳಾಕತ್ತಾನ. ಅವಂಗ ಸುರು ಆದಾಗ ವಯಸ್ಸ ಎಷ್ಟಿತ್ತು ಅಂತ.”

ದೊಡ್ಡಪ್ಪ ಅಂದರೆ ಮಾವನವರ ಅಣ್ಣ, ಶಿರಗುಪ್ಪಿಯ ಹೊಲ ನೋಡಿಕೊಂಡಿದ್ದವರು. ಕಡೆಯ ವರ್ಷಗಳಲ್ಲಿ ಅವರಿಗೆ ಎಲ್ಲ ಮರೆತುಹೋಗಿತ್ತು. ಮೊದಮೊದಲು ಬಾವಿಯ ಪಂಪು ಹಚ್ಚುವುದು ಮರೆತರು. ದಿನಾ ಹಚ್ಚುತ್ತಿದ್ದ ಪಂಪಿನ ಮುಂದೆ ನಿಂತು, ಯಾವ ಗುಂಡಿ ಎಂದು ಹೊಲದಲ್ಲಿದ್ದವರನ್ನು ಕೇಳಿದರಂತೆ. ಕೊನೆಗೆ ಹೆಂಡತಿಯನ್ನು ಯಾರು ನೀನು ಎಂದು ಕೇಳಿದರು. ಮಾವನವರು ವಾರಕ್ಕೆರಡು ಸಲ ಹೋಗಿ ಅಣ್ಣನಿಗೆ ತಾವೇ ಸ್ನಾನ ಮಾಡಿಸಿ ಬರುತ್ತಿದ್ದರು. ಅಣ್ಣ ಅವರನ್ನು ಗುರುತು ಹಿಡಿಯದೆ, ಒಳ್ಳೆಯ ಮನುಷ್ಯ ನೀನು ಎಂದು ಕೈ ಮುಗಿಯುತ್ತಿದ್ದರಂತೆ.

ಇಷ್ಟು ಕೇಳಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಅವರ ಹೆದರಿಕೆ ಏನೆಂದು ಗೊತ್ತಾಯಿತು, ಆದರೆ ಹೆದರಿಕೆ ಸುಳ್ಳು ಅನ್ನಿಸಲಿಲ್ಲ. ಖರೇ ಇರಬಹುದೇನೋ ಅನ್ನಿಸಿತು. ಅವತ್ತಿನಿಂದ ಅವರನ್ನು ಗಮನಿಸಲು ಸುರು ಮಾಡಿದೆ. ಹುಡುಕುವವರಿಗೆ ಎಲ್ಲ ಸಿಗುತ್ತದೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹುಡುಕಿದರು, ಗುರುವಾರವನ್ನು ಬುಧವಾರ ಅಂದರು. ನನಗೂ ಇವೆಲ್ಲ ಆಗುತ್ತವೆ, ಆದರೆ ನನ್ನನ್ನು ಯಾರೂ ನೋಡುತ್ತಾ ಕೂತಿರಲಿಲ್ಲ. ಆಫೀಸಿನ ಒಬ್ಬಳ ಹತ್ತಿರ ಒಳ್ಳೆಯ ಡಾಕ್ಟರು ಯಾರಿದ್ದಾರೆ ಎಂದು ಕೂಡ ವಿಚಾರಿಸಿದೆ.

ಆ ಕಾರ್ಖಾನೆಯಲ್ಲಿ ನನ್ನ ಕೆಲಸ ಏನು ಎಂದರೆ, ಬಂದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು. ಯಂತ್ರ ನಿಂತರೆ ಮೊದಲು ಯಂತ್ರ ನೋಡಬೇಕು, ಮನುಷ್ಯನನ್ನು ಆಮೇಲೆ, ಎಂದು ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ. ಲಕಮನಹಳ್ಳಿಯಲ್ಲಿ ಇದ್ದ ಬುದ್ಧಿ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಎಲ್ಲಿಯೋ ಇಳಿದುಹೋಗುತ್ತಿತ್ತು.

ಕೇಬಲ್ಲಿನವನು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಅರ್ಧ ಗಡ್ಡ ಬೆಳ್ಳಗಾದ ಮನುಷ್ಯ, ನಮ್ಮ ಓಣಿಗೆಲ್ಲ ಇಪ್ಪತ್ತೈದು ವರ್ಷದಿಂದ ಅವನದೇ ವಾಯರು. ಪಕ್ಕದ ಮನೆಗೆ ಹೊಸ ಲೈನು ಎಳೆಯಬೇಕಿತ್ತು, ನಮ್ಮಲ್ಲಿ ಸುಮ್ಮನೆ ಬಿದ್ದದ್ದನ್ನು ಬಿಚ್ಚಿಕೊಂಡು ಹೋಗಲು ಬಂದಿದ್ದ. ಮಾವನವರು ಕೋಣೆಯಲ್ಲಿ ಮಲಗಿದ್ದರು. ನನ್ನ ಮೇಲೆ ಅವನಿಗೆ ಅಸಮಾಧಾನ ಇರಬಹುದೆಂದು ನಾನು ಚಹಾ ಕೊಟ್ಟೆ. ಅವನು ಕಪ್ಪು ಹಿಡಿದುಕೊಂಡು, ತನ್ನ ಸವತಿಯನ್ನು ನೋಡುವ ಹಾಗೆ ನಮ್ಮ ಡಬ್ಬಿಯನ್ನು ಬಗ್ಗಿ ನೋಡಿದ.

“ಅಕ್ಕಾರ, ಇದು ದೂರಿಂದ ಹತ್ತೂದಿಲ್ಲಲ್ರಿ?”

“ನಿಮಗ ಹೆಂಗ ಗೊತ್ತಾತು?”

“ಇದರ ಕಣ್ಣ ಮುಚ್ಚೇರಲ್ರಿ. ಈ ಕರೇ ಕಾಜಿನ ಹಿಂದ ಕಣ್ಣ ಇರತೈತಿ, ರಿಮೋಟಿನ ಬೆಳಕ ಅದರಾಗ ಬೀಳಬೇಕು. ನೀವ ನೋಡಿದ್ರ ಸರೀ ಅದರ ಮ್ಯಾಲನ ಮೂರ ಬಟ್ಟ ಇಭೂತಿ ಎಳದೇರಿ. ಹತ್ರ ನಿಂತ್ರ ಹೆಂಗರ ಮಾಡಿ ತೂರಿ ಹೋಗತೈತಿ. ಆ ಕುರ್ಚಿಂದ ಹೋಗಂಗಿಲ್ಲ.”

ಅವನು ಚೀಲಕ್ಕೆ ಕೈ ಹಾಕಿ ಒದ್ದೆ ಅರಿವೆ ತೆಗೆದ. “ಅಮಾಸಿ ಮರುದಿನ, ದಸರಾ ಮರುದಿನ ನನಗ ಫೋನ್ ಮ್ಯಾಲ ಫೋನ್ ಬರ್ತಾವ್ರಿ. ಅದಕ್ಕ ಚೀಲದಾಗ ಮೊದಲ ಹಸಿ ಅರಿವಿ, ಆಮ್ಯಾಲ ಸ್ಕ್ರೂಡ್ರೈವರ್. ನಿಮ್ಮ ಹಳೇ ಕೇಬಲ್ ಡಬ್ಬಿ ನಾ ಯಾಕ ಟಿವಿ ಮ್ಯಾಲ ಅಷ್ಟ ಎತ್ತರಕ್ಕ ಹೊಡದಿದ್ದೆ ಅಂದೇರಿ? ಅಜ್ಜಾರ ಕೈ ಮುಟ್ಟಬಾರದು ಅಂತ.” ಒರೆಸಿ, ಬೆತ್ತದ ಕುರ್ಚಿಯಲ್ಲಿ ಕೂತು ರಿಮೋಟು ಒತ್ತಿದ. ಹತ್ತಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಾನು ಮಾಡಿದ್ದು ಅದೇ. ಅವನು ವಾಯರು ಬಿಚ್ಚಲೇ ಎಂದು ಕೇಳಿದ. ಬೇಡ, ಇರಲಿ ಬಿಡಿ ಅಂದೆ. ಅವನು ಹೋದ ಮೇಲೆ ಎಷ್ಟೋ ಹೊತ್ತು ಆ ಒದ್ದೆ ಕಾಜನ್ನೇ ನೋಡುತ್ತಾ ನಿಂತಿದ್ದೆ. ದಿನಾ ಒಣ ಅರಿವೆಯಿಂದ ಅದರ ಧೂಳು ಹೊಡೆದವಳು ನಾನೇ.

ಆದರೂ ಮಾವನವರಿಗೆ ಹೇಳಲಿಲ್ಲ. ಹೇಳಿದರೆ ಅವರ ಪೂಜೆಯಿಂದಲೇ ಕೆಟ್ಟಿತು ಅಂದ ಹಾಗಾಗುತ್ತದೆ, ನೊಂದುಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಮಾತ್ರ ಖರೇ. ಇನ್ನರ್ಧ, ಹೇಳಬೇಕೆಂದರೆ ನಾನು ಆಡಿದ ಮಾತನ್ನೂ ಎತ್ತಬೇಕಾಗುತ್ತಿತ್ತು. ಸುಮ್ಮನೆ ಸರಿ ಮಾಡಿಟ್ಟರೆ ಅವರೇ ಒಂದು ದಿನ ಹಚ್ಚುತ್ತಾರೆ, ತಾನಾಗಿ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ರಿಮೋಟನ್ನು ಅವರ ಕುರ್ಚಿಯ ಕೈಯ ಮೇಲೆ ಇಟ್ಟು ಆಫೀಸಿಗೆ ಹೋದೆ. ಸಂಜೆ ಬಂದಾಗ ಅದು ಅಲ್ಲೇ ಇತ್ತು. ಮರುದಿನವೂ ಅಲ್ಲೇ. ಮಾವನವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಮೂರನೆಯ ದಿನ ಅಮಾವಾಸ್ಯೆ. ಬೆಳಿಗ್ಗೆ ನಾನು ರೊಟ್ಟಿ ಬಡಿದು ಮುಗಿಸಿ, ಸೀರೆ ಉಟ್ಟು ಹೊರಬರುವಾಗ ಮಾವನವರು ಡಬ್ಬಿಯ ಮುಂದೆ ನೆಲದ ಮೇಲೆ ಕೂತಿದ್ದರು. ಅವರ ಮೊಣಕಾಲು ಮಡಚುವುದೇ ಕಷ್ಟ. ಮೂರು ಬೆರಳಲ್ಲಿ ವಿಭೂತಿ ಹಚ್ಚಿಕೊಂಡು, ಬಹಳ ನಿಧಾನವಾಗಿ, ಸರಿಯಾಗಿ ಆ ಕಪ್ಪು ಕಾಜಿನ ಮೇಲೆ ಎಳೆಯುತ್ತಿದ್ದರು. ಉಳಿದ ವಸ್ತುಗಳಿಗೆ ಎಳೆಯುವುದಕ್ಕಿಂತ ದಪ್ಪಗೆ. ನಾನು ಹಿಂದೆ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. ಡಬ್ಬಿಯ ಹತ್ತಿರ ಬಾಗಿ, “ಇವತ್ತರ ನನ್ನ ಮಾತ ಕೇಳಪಾ. ಒಂದ ಸಲ ಹತ್ತು, ಸಾಕು,” ಅಂದರು. ಅಷ್ಟು ದಿನ ಅದು ಹತ್ತಲಿಲ್ಲ ಎಂದು ಅವರು ದಪ್ಪಗೆ ಎಳೆದಿದ್ದರು, ದಪ್ಪಗೆ ಎಳೆದರೆಂದು ಅದು ಹತ್ತಿರಲಿಲ್ಲ.

ನಾನು ಚೀಲ ಕೆಳಗಿಟ್ಟೆ. ಅವತ್ತು ಆಫೀಸಿಗೆ ಹೋಗಲಿಲ್ಲ.

ಕೈ ಹಿಡಿದು ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂಡಿಸಿ, ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಡಬ್ಬಿಗೆ ಒಂದು ಕಣ್ಣಿದೆ, ಅದು ಇಲ್ಲಿದೆ, ಅದರ ಮೇಲೆ ವಿಭೂತಿ ಬಿದ್ದರೆ ದೂರದಿಂದ ಹತ್ತುವುದಿಲ್ಲ. ನಾನು ಹತ್ತಿರ ನಿಂತು ಒತ್ತಿದ್ದಕ್ಕೆ ಹತ್ತುತ್ತಿತ್ತು, ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ. ನೀವು ಒತ್ತಿದ್ದು ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು. ಮೂರು ದಿನದ ಹಿಂದೆಯೇ ನನಗೆ ಗೊತ್ತಾಗಿತ್ತು, ನಾಚಿಕೆಯಿಂದ ಹೇಳಲಿಲ್ಲ. ಆ ಸಂಜೆ ಅಂದ ಮಾತಿಗೆ ನನ್ನ ನಾಲಿಗೆಗೆ ಬರೆ ಹಾಕಬೇಕು ಮಾವಾರ, ತಪ್ಪಾತು ಅಂದೆ.

ಅವರು ಆ ಮಾತಿಗೆ ಕೈಯಾಡಿಸಿ ಬಿಟ್ಟರು. ಅವರ ಲಕ್ಷ್ಯವೆಲ್ಲ ಡಬ್ಬಿಯ ಮೇಲಿತ್ತು. ಪೇಟೆಯ ಮನುಷ್ಯ, ಚೀಲದ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡದೆ ಯಾರ ಮಾತನ್ನೂ ಒಪ್ಪುವವರಲ್ಲ. “ಎಲ್ಲಿ, ತೋರಸು,” ಅಂದರು. ಆಗಷ್ಟೇ ಎಳೆದ ವಿಭೂತಿ ಹಸಿಯಾಗಿಯೇ ಇತ್ತು. ಕುರ್ಚಿಯಿಂದ ಒತ್ತಿದರು. ಇಲ್ಲ. ಎದ್ದು ಗೋಡೆ ಹಿಡಿದುಕೊಂಡು ಡಬ್ಬಿಯ ಹತ್ತಿರ ಹೋಗಿ ಒತ್ತಿದರು. ಹತ್ತಿತು. ಆರಿಸಿದರು. ನಾನು ಒದ್ದೆ ಅರಿವೆಯಿಂದ ಒರೆಸಿದೆ. ಮತ್ತೆ ಕುರ್ಚಿಗೆ ಹೋಗಿ ಕೂತು ಒತ್ತಿದರು. ಹತ್ತಿತು. “ಇನ್ನೊಮ್ಮೆ ಹಚ್ಚು ಇಭೂತಿ,” ಅಂದರು. ಹಚ್ಚಿದೆ. ಇಲ್ಲ. ಒರೆಸಿದೆ. ಹತ್ತಿತು. ಹಸಿರು ಮುಖ ಬಂದಿತು, ಅದರ ಕೆಳಗೆ ಅವರ ಹೆಸರು.

ರಿಮೋಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು, “ಹಂಗಾರ ನನ್ನ ತಲಿ ಛಲೋ ಐತಿ?”

“ಛಲೋ ಐತ್ರಿ.”

“ಅಣ್ಣನಂಗ ಅಲ್ಲ?”

“ಅಲ್ರಿ ಮಾವಾರ. ಸುತರಾಂ ಅಲ್ಲ.”

ಅವರು ಉಸಿರು ಬಿಟ್ಟರು. ಅಷ್ಟು ದೊಡ್ಡ ಉಸಿರು ಆ ಸಣ್ಣ ದೇಹದಲ್ಲಿ ಎಲ್ಲಿತ್ತೋ. ಆಮೇಲೆ ಕನ್ನಡಕ ಸರಿ ಮಾಡಿಕೊಂಡು, ರಿಮೋಟಿನಿಂದ ಒಂದೊಂದೇ ಚಿತ್ರ ದಾಟಿಸುತ್ತಾ ಹೋದರು. ಬಂದೂಕಿನವರು, ಅಡುಗೆಯವರು, ಮತ್ತೆ ಬಂದೂಕಿನವರು. ಮುಖದಲ್ಲಿ ಹಳೆಯ ದಲಾಲಿಯ ಕಳೆ ಬಂದಿತ್ತು. “ನನ್ನ ತಲಿ ಛಲೋ ಐತಿ ಅಂದ್ರ ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ. ಮಾಲ ಖರಾಬ ಐತವಾ ಇದು. ಮೂರ ತಿಂಗಳಾತು, ಹೇಳಾಕ ಧೈರ್ಯ ಇರಲಿಲ್ಲ. ನನ್ನ ತಲೀನ ಕೆಟ್ಟೈತಿ ಅಂದಮ್ಯಾಲ ಮಾಲಿಗೆ ಹೆಂಗ ಹೆಸರಿಡ್ಲಿ?”

ನಾನು ಅಳುತ್ತಾ ನಕ್ಕೆ. “ಖರೇ ಐತ್ರಿ, ಖರಾಬ ಐತಿ,” ಅಂದೆ. ಮೂರು ತಿಂಗಳಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂದದ್ದು.

ಅವರೂ ನಕ್ಕರು. ನಗು ಮುಗಿದ ಮೇಲೆ, ಯಾರಿಗೋ ಹೇಳುವ ಹಾಗೆ ಹೇಳಿದರು. “ದಿನಾ ಮುಂಜಾನೆ ಎದ್ದ ಕೂಡ್ಲೆ ಹಾಸಿಗ್ಯಾಗ ಕುಂತು ಮನಿ ಮಂದಿ ಹೆಸರೆಲ್ಲಾ ಒಮ್ಮೆ ಹೇಳ್ಕೋತಿದ್ದೆ. ಎಷ್ಟ ಉಳದಾವು ನೋಡೂಣು ಅಂತ. ನಿನ್ನ ಹೆಸರ ಮೊದಲ ಹೇಳ್ತಿದ್ದೆ.”

“ನಂದ್ಯಾಕ್ರಿ ಮೊದಲ?”

“ಉಳದಾವರು ಅರ್ಧ ಮಂದಿ ಹೋಗ್ಯಾರ, ಅರ್ಧ ಮಂದಿ ದೂರ ಅದಾರ. ಅವರ ಹೆಸರ ಮರತ್ರ ಅವರಿಗೆ ಗೊತ್ತಾಗಂಗಿಲ್ಲ. ಮಗಾ ಗಂಡಸು, ತಡಕೋತಾನ. ನೀ ಮುಂಜಾನೆದ್ದು ಚಾ ಹಿಡಕೊಂಡ ಎದುರಿಗೆ ಬಂದು ನಿಂದರತಿ. ನಾ ‘ಯಾರು ನೀ?’ ಅಂತ ಕೇಳಿದ್ರ ನಿನಗ ಹೆಂಗ ಆಗಬ್ಯಾಡ?”

ಮದುವೆಯಾಗಿ ಬಂದ ಮೊದಲ ದಿನದಿಂದ ಅವರು ನನ್ನನ್ನು ಹೆಸರು ಹಿಡಿದೇ ಕರೆದವರು, ಮಗಳನ್ನು ಕರೆದ ಹಾಗೆ. ಆ ಹೆಸರನ್ನು ಉಳಿಸಿಕೊಳ್ಳಲು ಅವರು ಇಷ್ಟು ದಿನ ಒಬ್ಬರೇ ಗುದ್ದಾಡಿದ್ದರು, ಅದೂ ನಾನು ಅವರನ್ನು ಅಣಕಿಸಿದ ಮೇಲೆ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದೆ. ಮಾಡಲು ಬೇರೇನೂ ತೋಚದೆ ಚಹಾಕ್ಕೆ ಇಟ್ಟೆ.

ನೀರು ಕುದಿಯುತ್ತಿದ್ದಾಗ ಹೊರಗಿನಿಂದ ಮಾವನವರು ನನ್ನ ಹೆಸರು ಹಿಡಿದು ಕರೆದರು. ಓ ಅಂದೆ. ಸಕ್ಕರೆ ಎಷ್ಟು ಎಂದು ಹೇಳುತ್ತಾರೇನೋ ಎಂದು ಸಕ್ಕರೆ ಡಬ್ಬಿಯ ಮುಚ್ಚಳ ಹಿಡಿದು ಕಾಯುತ್ತಾ ನಿಂತೆ.

“ಏನಿಲ್ಲವಾ,” ಅಂದರು. “ಸುಮ್ನ ಕರದೆ.”